ಕಳಕಪ್ಪನ ಎಡಮಗ್ಗುಲು

ಗಾಳೆವ್ವ ಇನ್ನಿಲ್ಲವೆಂಬುದು ಮೊದಲು ತಿಳಿದದ್ದು ಮಾನವ್ವನಿಗೆ. ನಸುಕಿನಲ್ಲಿ ಎದ್ದು, ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅತ್ತಿಗೆ ಇನ್ನೂ ಯಾಕೆ ಏಳಲಿಲ್ಲವೆಂದು ಪಡಸಾಲೆಗೆ ಬಂದು ನೋಡಿದಳು. ಗಾಳೆವ್ವ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಕೊರಳಿನ ಲಿಂಗ ಅವಳ ಮುಷ್ಟಿಯಲ್ಲಿತ್ತು.

"ವೈನಿ, ಹಾಲಿನಾಂವ ಬಂದು ಹೋದ. ಏಳ್ರಿ" ಎಂದು ಭುಜ ಮುಟ್ಟಿದಳು. ಭುಜ ತಣ್ಣಗಿತ್ತು.

ಮಾನವ್ವ ಅಲ್ಲೇ ಕುಸಿದು ಕುಳಿತು, ಅತ್ತಿಗೆಯ ಸೆರಗು ಸರಿಮಾಡಿ, "ಶಿವಶಿವಾ" ಎಂದಳು. ಕಣ್ಣೀರು ಬರುವುದಕ್ಕಿಂತ ಮೊದಲು ಅವಳಿಗೆ ಭಯ ಬಂತು. ಮಾತು ಕೊಟ್ಟಿದ್ದಳಲ್ಲ, ಅದರ ಭಯ.

ಮಾನವ್ವ ಈ ಮನೆಯ ಮಗಳು. ಅಸೂಟಿಗೆ ಕೊಟ್ಟಿದ್ದರು, ಗಂಡ ತೀರಿದ ಮೇಲೆ ತವರಿಗೆ ಮರಳಿದಳು. ತವರಿನಲ್ಲಿ ಆಗ ಅಣ್ಣ ಕಳಕಪ್ಪನೂ ಇರಲಿಲ್ಲ. ಬಿಳಿಜೋಳ ಕೀಳುವಾಗ ಹಾವು ಮುಟ್ಟಿ ಸತ್ತಿದ್ದ. ತೊಟ್ಟಿಲಲ್ಲಿ ಉಮೇಶ, ತೊಟ್ಟಿಲು ತೂಗುವವಳು ಗಾಳೆವ್ವ. ಬಾಗಿಲಲ್ಲಿ ನಿಂತ ನಾದಿನಿಯನ್ನು ನೋಡಿ ಗಾಳೆವ್ವ ಅಂದು ಹೇಳಿದ್ದು ಒಂದೇ ಮಾತು: "ಬಾ, ಇಬ್ಬರೂ ಕೂಡಿ ರೊಟ್ಟಿ ಬಡಿಯೂಣು." ಅಂದಿನಿಂದ ಇಬ್ಬರೂ ಕೂಡಿ ರೊಟ್ಟಿ ಬಡಿದರು, ಹೊಲ ಮಾಡಿದರು, ಉಮೇಶನನ್ನು ಬೆಳೆಸಿ ಮದುವೆ ಮಾಡಿದರು.

ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕುಣಿ ತೋಡಿ, ಅದರ ಪಡುವಣ ಗೋಡೆಯಲ್ಲಿ ಗೂಡು ಕೊರೆದು, ಅಂಗೈಯಲ್ಲಿ ಲಿಂಗವಿಟ್ಟು, ಮೂಡಣಕ್ಕೆ ಮುಖ ಮಾಡಿ ಕೂಡಿಸುತ್ತಾರೆ. ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರಿ, ಉಪ್ಪು. ಪೂಜೆಗೆ ಕುಳಿತವರ ಹಾಗೆ ಅವರು ಕುಳಿತಿರುತ್ತಾರೆ. ಪೂಜೆಗೆ ಕುಳಿತವರನ್ನು ಎಬ್ಬಿಸುವುದುಂಟೆ? ಕಳಕಪ್ಪನನ್ನು ರೋಣದ ಹೊರಗೆ, ಗಜೇಂದ್ರಗಡದ ರಸ್ತೆಗೆ ಹತ್ತಿದ ಅವನ ಹೊಲದಲ್ಲಿಯೇ, ಬನ್ನಿಗಿಡದ ಬುಡಕ್ಕೆ ಕೂಡಿಸಿದ್ದರು. ಗಂಡನ ಎಡಕ್ಕೆ ಹೆಂಡತಿಯ ಜಾಗ. ಆ ಎಡಮಗ್ಗುಲನ್ನು ಗಾಳೆವ್ವ ಇಷ್ಟು ವರ್ಷ ಕಾಯ್ದುಕೊಂಡು ಬಂದಿದ್ದಳು. ಹೊಲದಲ್ಲಿ ಕಡಲೆ ಬಿತ್ತುವಾಗಲೂ ಅಷ್ಟು ನೆಲ ಬಿಟ್ಟು ಕೂರಿಗೆ ತಿರುಗಿಸುತ್ತಿದ್ದಳು.

ಊರು ಬೆಳೆಯಿತು. ಬೆಳೆಯುತ್ತ ಬೆಳೆಯುತ್ತ ಹೊಲದ ಬದುವಿಗೆ ಬಂತು. ಸುತ್ತಲಿನವರೆಲ್ಲ ಕೊಟ್ಟ ಮೇಲೆ ಬಂಡಿ ಹೋಗುವ ದಾರಿಯೂ ಮುಚ್ಚಿ, ಉಮೇಶನೂ ಹೊಲವನ್ನು ಪ್ಲಾಟಿನವರಿಗೆ ಕೊಟ್ಟ. "ಅಪ್ಪ ಕುಂತ ಮೂಲಿ ಬಿಟ್ಟು ಅಂತ ಬಾಯಿಮಾತು ಆಗೇತಿ" ಎಂದು ತಾಯಿಯ ಕಾಲು ಮುಟ್ಟಿ ಹೇಳಿದ. ಮರುವರ್ಷ, ಗಾಳಿಗೆ ಬನ್ನಿಗಿಡ ಬಿತ್ತು ಎಂದು ಹೇಳಿದ. ಗಾಳೆವ್ವ ಆ ದಿನ ಊಟ ಮಾಡಲಿಲ್ಲ. ಮಂಡಿನೋವಿನಿಂದ ಅವಳಿಗಾಗಲಿ ಮಾನವ್ವನಿಗಾಗಲಿ ಅಷ್ಟು ದೂರ ಹೋಗಲು ಆಗುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ಉಮೇಶನೇ ಹೋಗಿ ಕಾಯಿ ಒಡೆದು ಬರುತ್ತಿದ್ದ.

ಹೋದ ವಾರ ಜ್ವರದಲ್ಲಿದ್ದ ಗಾಳೆವ್ವ ನಾದಿನಿಯ ಕೈ ಹಿಡಿದುಕೊಂಡು ಕೇಳಿದ್ದಳು.

"ಮಾನವ್ವಾ, ರಸ್ತೆ ಮಾಡ್ಯಾರಂತ. ಅವರು ಅಲ್ಲೇ ಅದಾರೇನ?"

"ಎಲ್ಲೆ ಹೋಗತಾರ್ರಿ ವೈನಿ? ಕುಂತವರು ಕುಂತಲ್ಲೇ ಅದಾರ."

"ನನ್ನ ಅವರ ಎಡಕ್ಕ ಕುಂದ್ರಸತಿ ಅಂತ ಕೈಮ್ಯಾಲ ಕೈ ಹಾಕು. ಉಮ್ಯಾನ ಮಾತು ನಂಬೂದಿಲ್ಲ, ಅಂವ ನನಗ ಅಂಜಿ ಹೇಳತಾನ. ನೀ ಹಾಕು."

ಮಾನವ್ವ ಕೈ ಹಾಕಿದ್ದಳು. ಆಣೆ ಅಂದರೆ ಆಣೆ.

ಬಿಸಿಲೇರುವ ಹೊತ್ತಿಗೆ ಓಣಿಯವರೆಲ್ಲ ಕೂಡಿದರು. ಸೊಸೆ ಮಾಲಾ ಅಳುತ್ತಲೇ ಬಂದವರಿಗೆ ಚಾಪೆ ಹಾಸಿದಳು. ಭಜನೆಯವರು ತಾಳ ತಂದರು. ಗಾಳೆವ್ವನನ್ನು ಕಂಬಕ್ಕೆ ಒರಗಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಬಳಿದು, ಹೊಸ ಇಳಕಲ್ಲ ಸೀರೆ ಉಡಿಸಿದರು. ಕುಣಿ ತೋಡುವ ಮಾತು ಬಂದಾಗ ಉಮೇಶ ಮುಖ ತಗ್ಗಿಸಿದ. ಅದನ್ನು ಮಾನವ್ವ ನೋಡಿದಳು.

"ನಾನೂ ಬರತೀನಿ" ಅಂದಳು.

"ಅತ್ತಿ, ನೀವ್ಯಾಕ? ನಾನು ರಾಯಣ್ಣ ಹೋಗತೀವಿ. ಕಲ್ಲು ಐತಿ, ಗುರ್ತ ಐತಿ."

"ಎಡಾ ಯಾವುದು ಬಲಾ ಯಾವುದು ಅಂತ ನಿನಗೇನ ಗೊತ್ತು? ನೀ ಆಗ ತೊಟ್ಟಲದಾಗ ಉಚ್ಚಿ ಹೊಯ್ಕೊಂಡು ಮಲಗಿದ್ದಿ. ಆಟೋ ಕರಿ."

ಆಟೋದಲ್ಲಿ ಅವಳ ಎದುರಿಗೆ ರಾಯಣ್ಣ ಗುದ್ದಲಿ, ಸಲಿಕೆ, ಹಾರೆ ಹಿಡಿದು ಕುಳಿತ. ಅವನು ಓಣಿಯಲ್ಲಿ ಯಾರು ಸತ್ತರೂ ಮೊದಲು ಬರುವ ಮನುಷ್ಯ. ಅವನ ತಂಗಿಯ ಮಗ ಇನ್ನೊಂದು ಗುದ್ದಲಿ ಹೊತ್ತು ಉಮೇಶನ ಬೈಕಿನ ಹಿಂದೆ ಬಂದ. ದಾರಿಯುದ್ದಕ್ಕೂ ಮಾನವ್ವ ಎಡಗಡೆ ನೋಡುತ್ತ ಬಂದಳು. ಮೊದಲು ಹತ್ತಿ ಪ್ರೆಸ್ಸು ದಾಟಿದರೆ ಊರು ಮುಗಿಯುತ್ತಿತ್ತು. ಆಮೇಲೆ ಬರೀ ಎರೆಭೂಮಿ, ಕಣ್ಣು ಹಾಯುವ ತನಕ ಕಪ್ಪು. ಈಗ ಊರು ಮುಗಿಯಲೇ ಇಲ್ಲ. ಸಿಮೆಂಟಿನ ಅಂಗಡಿ, ಟೈಲ್ಸಿನ ಅಂಗಡಿ, ಕಲ್ಯಾಣ ಮಂಟಪ, ಮತ್ತೆ ಟೈಲ್ಸಿನ ಅಂಗಡಿ. ಆಟೋ ನಿಂತಾಗ ಎದುರಿಗೆ ಒಂದು ಕಮಾನು ಇತ್ತು. ಬಣ್ಣ ಬಳಿದು ತಾವರೆ ಬರೆದಿದ್ದರು.

"ಇಲ್ಯಾಕ ನಿಲ್ಲಿಸಿದಿ?"

"ಹೊಲ ಬಂತ್ರಿ ಅಮ್ಮಾ" ಅಂದ ಆಟೋದವನು.

ಮಾನವ್ವ ಇಳಿದಳು. ಇಡೀ ಜನ್ಮ ನಡೆದ ನೆಲ ಅವಳಿಗೆ ಗುರುತು ಹತ್ತಲಿಲ್ಲ. ಬದು ಇಲ್ಲ. ಬಾವಿ ಇಲ್ಲ; ಬಾವಿ ಇದ್ದಲ್ಲಿ ಒಂದು ಜಾರುಬಂಡೆ ನಿಲ್ಲಿಸಿ ಸುತ್ತ ತಂತಿ ಹಾಕಿದ್ದರು. ಕಪ್ಪು ಮಣ್ಣಿನ ಮೇಲೆ ಕೆಂಪು ಮರಂ, ಗರಸುಮಣ್ಣು, ಸುರಿದು ಅಡ್ಡಡ್ಡ ಉದ್ದುದ್ದ ರಸ್ತೆ ಎಳೆದಿದ್ದರು. ದೀಪವಿಲ್ಲದ ದೀಪದ ಕಂಬಗಳು ಸಾಲಾಗಿ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಅರ್ಧ ಕಟ್ಟಿದ ಮನೆ, ಉಳಿದದ್ದೆಲ್ಲ ಜಾಲಿ. ಎಲ್ಲಿ ನೋಡಿದರೂ ಮೊಣಕಾಲೆತ್ತರದ ಕಲ್ಲುಗಳು, ಸಾಲಿಗೆ ಸಾಲು. ಊರಿಗೆ ಊರೇ ಸತ್ತು ಇಲ್ಲಿ ಕುಳಿತಂತೆ ಕಂಡಿತು.

"ಇವೆಲ್ಲಾ ಯಾರ ಗೋರಿ?" ಎಂದು ಕೇಳಿದಳು.

"ಗೋರಿ ಅಲ್ಲ ಮಾನವ್ವತ್ತಿ, ಪ್ಲಾಟಿನ ಕಲ್ಲು" ಅಂದ ರಾಯಣ್ಣ.

ಉಮೇಶ ಅವಳನ್ನು ಒಂದು ಕಲ್ಲಿನ ಹತ್ತಿರ ಕರೆದುಕೊಂಡು ಹೋದ. ಅದಕ್ಕೆ ವಿಭೂತಿ ಬಳಿದು ಬಳಿದು ದಪ್ಪವಾಗಿತ್ತು. ಬುಡದಲ್ಲಿ ಒಣಗಿದ ಹೂವು, ಊದಿನಕಡ್ಡಿಯ ತುಂಡು. ಮಾನವ್ವ ಮುಂದೆ ಬಾಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆದರೂ ಮನಸ್ಸು ಒಪ್ಪಲಿಲ್ಲ. ಅಣ್ಣನ ಕಲ್ಲು ಸ್ವಲ್ಪ ಬಾಗಿರಲಿಲ್ಲವೇ? ಎತ್ತು ಮೈತಿಕ್ಕಿ ಒಂದು ಮಗ್ಗುಲು ನುಣುಪಾಗಿರಲಿಲ್ಲವೇ? ಆದರೆ ಗಿಡವಿಲ್ಲ, ಬಾವಿಯಿಲ್ಲ, ಯಾವುದರಿಂದ ಅಳೆಯುವುದು? ಮೂಡಣ ದಿಕ್ಕು ಯಾವುದೆಂಬುದಕ್ಕೆ ಸೂರ್ಯನೊಬ್ಬನೇ ಉಳಿದಿದ್ದ.

"ಇದ ಏನೋ ತಮ್ಮಾ?"

"ಇದ ಅತ್ತಿ. ಅಮಾಸಿಗೆ ಅಮಾಸಿಗೆ ಬಂದೇನಲ್ಲ."

ರಾಯಣ್ಣ ಕಲ್ಲಿಗೆ ನಮಸ್ಕಾರ ಮಾಡಿ, ಎಡಕ್ಕೆ ಅಳತೆಯ ಗೆರೆ ಎಳೆದು, ಗುದ್ದಲಿ ಎತ್ತಿದ. ಮಾನವ್ವ ಹತ್ತಿರವೇ ನೆಲದ ಮೇಲೆ ಕುಳಿತಳು. ಗುದ್ದಲಿ ಬಿದ್ದಾಗಲೆಲ್ಲ ಆ ಪೆಟ್ಟು ತನ್ನ ಬೆನ್ನಿಗೆ ಬಿದ್ದಂತಾಗುತ್ತಿತ್ತು. ಒಂದು ಪೆಟ್ಟು ತಪ್ಪಿ ಆಚೆ ಬಿದ್ದರೆ? ಗೋಡೆ ಒಡೆದರೆ? ಒಳಗೆ ಕುಳಿತ ಅಣ್ಣ ಬೆಳಕಿಗೆ ಕಣ್ಣು ಕಿವುಚಿಕೊಂಡು, "ಯಾರವ್ವಾ ಅಕಿ" ಎಂದು ಕೇಳಿದರೆ ಏನು ಹೇಳುವುದು? "ಸಾವಕಾಶ, ರಾಯಣ್ಣಾ, ಸಾವಕಾಶ" ಎನ್ನುತ್ತಲೇ ಇದ್ದಳು.

"ಮಾನವ್ವತ್ತಿ, ನೀವು ಹಿಂಗ ಅಂತಿದ್ರ ನಾ ಉಗರಲೇ ಕೆರೀಬೇಕಾಗತೈತಿ" ಅಂದ ಅವನು.

ಅಷ್ಟರಲ್ಲಿ ಕಮಾನಿನ ಕಡೆಯಿಂದ ಒಬ್ಬ ಮುದುಕ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ. ಪ್ಲಾಟಿನ ಕಾವಲುಗಾರ ಜಮಾಲಸಾಬ.

"ಏ ಏ, ತಡೀರಿ. ಅಲ್ಲೇನ ಅಗೀತೀರಿ?"

"ನಮ್ಮವ್ವ ತೀರಿಕೊಂಡಾಳ, ಸಾಬ್ರ" ಅಂದ ಉಮೇಶ. "ನಮ್ಮಪ್ಪನ ಬಾಜು ಕುಂದ್ರಸತೀವಿ. ಮಾಲಕರ ಜೋಡಿ ಆವಾಗ ಮಾತಾಗೇತಿ."

ಜಮಾಲಸಾಬ ಕಲ್ಲನ್ನು ನೋಡಿದ, ಕುಣಿಯನ್ನು ನೋಡಿದ, ನೆಲದ ಮೇಲೆ ಕುಳಿತ ಮುದುಕಿಯನ್ನು ನೋಡಿದ. ತಲೆಯ ಮೇಲಿನ ಟೊಪ್ಪಿಗೆ ತೆಗೆದ.

"ಯವ್ವಾ, ಅಲ್ಲಾನ ಮ್ಯಾಲ ಆಣಿ, ಖರೇ ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಆ ಕಲ್ಲು ನಾನ ನೆಟ್ಟೇನಿ. ಪ್ಲಾಟಿನ ಮೂಲಿ ಕಲ್ಲು ಅದು. ನಂಬರ ಹಿಂದಿನ ಬಾಜು ಐತಿ, ನೋಡ್ರಿ."

ರಾಯಣ್ಣ ಕಲ್ಲಿನ ಹಿಂದೆ ಹೋಗಿ ಅಂಗೈಯಿಂದ ಧೂಳು ಒರೆಸಿದ. ಹಳದಿ ಬಣ್ಣದ ನಂಬರು ಇತ್ತು.

ಉಮೇಶ ಸುತ್ತಿ ಬಂದು ನಂಬರು ನೋಡಿದ. "ಮತ್ತ ನಾ ಪೂಜಿ ಮಾಡೂ ಮುಂದ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ? ನೀವು ಅಷ್ಟು ಭಕ್ತಿಲೇ ಕೈಮುಗೀತಿದ್ರಿ. ಹೇಳಿದ್ರ ಗದ್ದಲ ಆಕ್ಕಿತ್ತು, ನನ್ನ ನೌಕರಿ ಹೋಕ್ಕಿತ್ತು. ನೀವು ಹೋದ ಮ್ಯಾಲ ಆ ಕಾಯಿ ನಾನು ನನ್ನ ಹೇಣತಿ ಖಾಜಾಬಿ ಚಟ್ನಿ ಮಾಡಿ ತಿಂದೇವಿ. ನನ್ನ ಕಡೆ ತಪ್ಪು ಆಗೇತಿ."

"ಹಂಗಾದ್ರ ನಮ್ಮಣ್ಣ ಎಲ್ಲೆ?" ಎಂದು ಮಾನವ್ವ ಕೇಳಿದಳು.

ಜಮಾಲಸಾಬ ಸುತ್ತ ತಿರುಗಿ ನೋಡಿದ. "ಗಿಡಾ ಕಿತ್ತಿದ್ದು ಜೆಸಿಬಿಯವ. ಗುಡ್ಡಿ ಕೆರೆದು ಸಪಾಟ ಮಾಡಿದ, ಕಲ್ಲು ಎಲ್ಲಿ ಒಗದನೋ. ಒಳಗ ಕೈ ಹಚ್ಚಿಲ್ಲ, ಅದನ್ನ ಮಾತ್ರ ನಾ ನಿಂತು ನೋಡೇನಿ. ಆಮ್ಯಾಲ ಮರಂ ಬಿತ್ತು. ಈಗ ಇಲ್ಲೆ ಅಂತ ಹೇಳಾಕ ನನಗ ಬರೂದಿಲ್ಲ."

ಗಾಳಿಗೆ ಬಿದ್ದ ಗಿಡ ಜೆಸಿಬಿಯಿಂದ ಬಿದ್ದಿತ್ತೆಂದು ಆಗ ಮಾನವ್ವನಿಗೆ ತಿಳಿಯಿತು. ಅವಳು ಉಮೇಶನ ಕಡೆಗೆ ನೋಡಲಿಲ್ಲ. ಬೈಯಲು ಈಗ ಹೊತ್ತಿರಲಿಲ್ಲ. ಉಮೇಶ ಅರ್ಧ ತೋಡಿದ ಕುಣಿಯ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಕುಳಿತ. ಎದ್ದು ನಿಂತ ಮಾನವ್ವ ಹೆಜ್ಜೆ ಇಡಲು ಅಂಜಿದಳು. ಎಲ್ಲಿ ಕಾಲಿಟ್ಟರೆ ಅಣ್ಣನ ನೆತ್ತಿಯ ಮೇಲೆ ಇಟ್ಟಂತಾಗುತ್ತದೋ ಯಾರು ಬಲ್ಲರು? ಈ ಕೆಂಪು ನೆಲದಲ್ಲಿ ಎಲ್ಲಿಯಾದರೂ ಅವನು ಇರಬಹುದು. ಆ ಅರ್ಧ ಕಟ್ಟಿದ ಮನೆಯ ಅಡುಗೆಮನೆಯ ಕೆಳಗೂ ಇರಬಹುದು.

ಆ ಮನೆಯಿಂದಲೇ ಒಬ್ಬ ಹೆಂಗಸು ಹೊರಗೆ ಬಂದಳು. ಕೈಯಲ್ಲಿ ಗೋಡೆಗೆ ನೀರು ಹೊಡೆಯುವ ಪೈಪು ಇತ್ತು. ಹೊಳೆಆಲೂರಿನ ರಮಾಬಾಯಿ, ಇಲ್ಲಿ ಪ್ಲಾಟು ತೆಗೆದುಕೊಂಡು ಮನೆ ಕಟ್ಟಿಸುತ್ತಿದ್ದಳು. ಗುದ್ದಲಿ, ಕುಣಿ, ಅಳುವ ಗಂಡಸು, ಎಲ್ಲ ನೋಡಿದ ಮೇಲೆ ಅವಳಿಗೆ ವಿಷಯ ತಿಳಿಯಿತು. ಪೈಪು ಕೈಯಿಂದ ಬಿತ್ತು.

"ಇಲ್ಲಿ ಹೆಣ ಹುಗೀತೀರೇನ್ರಿ? ನನ್ನ ಮನಿ ಮುಂದ? ಇನ್ನ ಮನಿ ಶಾಂತಿ ಸುದ್ದಾ ಆಗಿಲ್ಲ."

"ಬಾಯಾರ, ಇದು ಮೊದಲು ಇವರ ಹೊಲಾರಿ" ಅಂದ ರಾಯಣ್ಣ.

"ಮೊದಲು ಏನರ ಇರಲಿ, ನನಗ್ಯಾರೂ ಹೇಳಿಲ್ಲ. ಹೊಳಿ ಬಂದು ನಮ್ಮ ಮನಿ ಎರಡ ಸರ್ತಿ ಮುಳುಗೇತಿ. ಮಾಳಿಗಿ ಮ್ಯಾಲ ಕುಂತು ರಾತ್ರಿ ಕಳದೇವಿ. ನೀರಿನ ಅಂಜಿಕಿ ಸಾಕಾಗಿ ಎತ್ತರದ ನೆಲ ಅಂತ ಇಲ್ಲಿಗೆ ಬಂದೆ. ಇಲ್ಲಿ ಬಂದ್ರ ಹಿಂಗ. ಮನಿ ಮುಂದಿನ ರಸ್ತೆ ಒಂದು, ಮಳಿ ಆದಾಗೊಮ್ಮೆ ಕುಸೀತೈತಿ. ಮರಂ ಹಾಕಿದ್ರೂ ಕುಸೀತೈತಿ, ಕಲ್ಲು ಹಾಕಿದ್ರೂ ಕುಸೀತೈತಿ. ಎಂಥಾ ನೆಲಾ ಕೊಟ್ಟಾರೋ ಏನೋ."

ಮಾನವ್ವ ತಟ್ಟನೆ ತಲೆ ಎತ್ತಿದಳು.

"ಎಲ್ಲೆ ಕುಸೀತೈತಿ ಬಾಯಾರ?"

ರಮಾಬಾಯಿ ಕೈ ಮಾಡಿ ತೋರಿಸಿದಳು. ಅವಳ ಗೇಟಿನ ಮುಂದೆ, ರಸ್ತೆಯ ಅಂಚಿನಲ್ಲಿ, ಬುಟ್ಟಿಯಗಲದ ಒಂದು ತಗ್ಗು. ಸುತ್ತಲಿನ ಮರಂ ಬೆಳ್ಳಗೆ ಗಟ್ಟಿಯಾಗಿತ್ತು. ತಗ್ಗಿನಲ್ಲಿ ಮಾತ್ರ ಹೊಸ ಮರಂ, ಇನ್ನೂ ಕೆಂಪು.

ಎರೆಭೂಮಿಯಲ್ಲಿ ಒಮ್ಮೆ ತೋಡಿದ ಕುಣಿ ಸುಮ್ಮನೆ ಕೂಡುವುದಿಲ್ಲ. ಒಳಗಿನ ಗೂಡು ಮಳೆಗೆ ಒಂದಿಷ್ಟು, ಬೇಸಿಗೆಯ ಬಿರುಕಿಗೆ ಒಂದಿಷ್ಟು ಇಳಿಯುತ್ತದೆ. ಸೀಗೆಹುಣ್ಣಿಮೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಲು ಹೋದಾಗ ಮಾನವ್ವ, ಗಾಳೆವ್ವ ಇಬ್ಬರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಆ ತಗ್ಗನ್ನು ತುಂಬುತ್ತಿದ್ದರು. "ನಿಮ್ಮಣ್ಣಗ ಹೊಟ್ಟಿ ತುಂಬೂದ ಇಲ್ಲ ನೋಡು" ಎಂದು ಗಾಳೆವ್ವ ನಗುತ್ತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಾನವ್ವ ಆ ತಗ್ಗಿನ ಹತ್ತಿರ ಹೋಗಿ ಚಪ್ಪಲಿ ಬಿಟ್ಟಳು. "ಇಲ್ಲೇ ಅದಾನ" ಅಂದಳು. ಆಮೇಲೆ ಸುತ್ತ ನೋಡಿದಳು. ರಸ್ತೆಯ ಅಂಚು. ಎಡಕ್ಕೆ, ಬಡಗಣಕ್ಕೆ, ಬರೀ ರಸ್ತೆ. ಗಾಳೆವ್ವನ ಜಾಗ ರಸ್ತೆಯ ನಡುವೆ ಬಂದಿತ್ತು. ಟ್ರ್ಯಾಕ್ಟರಿನ ಗಾಲಿಯ ಗುರುತು ಆ ಜಾಗದ ಮೇಲೆಯೇ ಹಾದುಹೋಗಿತ್ತು.

ರಾಯಣ್ಣ ತಗ್ಗಿನ ಎಡಕ್ಕೆ ಒಂದು ಮೊಳ ಬಿಟ್ಟು ಅಗೆಯತೊಡಗಿದ. ಮರಂ ಕಲ್ಲಿನ ಹಾಗಿತ್ತು; ಹಾರೆ ಕಿಡಿ ಹಾರಿಸಿತು. ಅದು ಮುಗಿದ ಮೇಲೆ ಕಪ್ಪು ಮಣ್ಣು ಬಂತು, ತಂಪಾದ ಹಳೆಯ ಮಣ್ಣು. ಅದರ ವಾಸನೆ ಮೂಗಿಗೆ ಬಡಿದಾಗ ಮಾನವ್ವನಿಗೆ ಒಂದು ಕ್ಷಣ ಹೊಲ ಮರಳಿ ಬಂದಂತಾಯಿತು. ಎದೆಯುದ್ದ ಇಳಿದ ರಾಯಣ್ಣ ಇದ್ದಕ್ಕಿದ್ದ ಹಾಗೆ ನಿಂತ.

"ಮಾನವ್ವತ್ತಿ."

"ಏನೋ?"

"ಈ ಬಾಜು ಗೋಡಿ ಮೆತ್ತಗ ಐತಿ. ಗುದ್ದಲಿ ತಾನ ಒಳಗ ಹೋತು."

ರಮಾಬಾಯಿ ಗೇಟಿನ ಕಂಬ ಹಿಡಿದುಕೊಂಡಳು. ರಾಯಣ್ಣ ಗುದ್ದಲಿಯನ್ನು ಮೆಲ್ಲನೆ ಹೊರಗೆ ಎಳೆದ. ತುದಿಗೆ ಬೆಳ್ಳಗೆ ಏನೋ ಹತ್ತಿತ್ತು. ರಾಯಣ್ಣ ಬೆರಳಿನಿಂದ ಮುಟ್ಟಿದ. ಅದು ಪುಡಿಪುಡಿಯಾಗಿ ಅವನ ಬೆರಳಿಗೆ ಮೆತ್ತಿಕೊಂಡಿತು. ಕುಣಿಯ ಕಪ್ಪು ಗೋಡೆಯಲ್ಲಿ ಅಂಗೈಯಗಲದ ಒಂದು ಬಿಳಿ ಪಟ್ಟೆ ಕಾಣುತ್ತಿತ್ತು.

"ಇಬತ್ತಿ" ಅಂದ ರಾಯಣ್ಣ. "ಇಬತ್ತಿ ಗಟ್ಟಿ, ಮಾನವ್ವತ್ತಿ. ಕಳಕಪ್ಪಣ್ಣನ ಸುತ್ತ ಇಟ್ಟಿದ್ದು."

"ಮುಚ್ಚು. ಲಗೂ ಮುಚ್ಚು. ಗಾಳಿ ಹೋಗಬಾರದು ಅವನ ಮೈಗೆ" ಅಂದಳು ಮಾನವ್ವ. ಹಸಿ ಮಣ್ಣು ಮೆತ್ತಿ ರಾಯಣ್ಣ ಆ ಬಿಳಿಯನ್ನು ಮುಚ್ಚಿದ, ಮೂಡಣಕ್ಕೆ ತಿರುಗಿ ಕೈಮುಗಿದ, ಕುಣಿಯನ್ನು ಇನ್ನಷ್ಟು ಆಚೆಗೆ ಸರಿಸಿದ. ಮಾನವ್ವ ಅಂಚಿನಲ್ಲಿ ಕುಳಿತು, ತಪ್ಪಾಯಿತು ಅಣ್ಣಾ, ತಪ್ಪಾಯಿತು ಎಂದು ಮನಸ್ಸಿನಲ್ಲಿಯೇ ಹೇಳಿಕೊಂಡಳು.

ಈ ನಡುವೆ ಜಮಾಲಸಾಬ ಮಾಲಕನಿಗೆ ಫೋನು ಹಚ್ಚಿದ್ದ. ಹೇಳದಿದ್ದರೆ ಅವನ ಕುತ್ತಿಗೆಗೆ ಬರುತ್ತಿತ್ತು. ಮಾತಾಡಿ ಬಂದು ಉಮೇಶನ ಮುಂದೆ ನಿಂತು ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳಿದ. "ಸಂಜಿ ಒಳಗ ಮುಗಿಸ್ರಿ ಅಂದಾರ. ಆದರ ಗುಡ್ಡಿ ಹಾಕಬಾರದು, ಕಲ್ಲು ನಿಲ್ಲಸಬಾರದು, ಹೂವು ಕಾಯಿ ಏನೂ ಇಡಬಾರದು. ಮೊದಲಿನಂಗ ಸಪಾಟ ಮಾಡಿ ಮರಂ ಹಾಕಬೇಕು. ಪ್ಲಾಟ ನೋಡಾಕ ಬಂದವರಿಗೆ ಗೊತ್ತಾಗಬಾರದು. ಇದಕ್ಕ ಒಪ್ಪದಿದ್ರ ಪೊಲೀಸರನ್ನ ಕಳಸತೀನಿ ಅಂದಾರ."

ಅಷ್ಟು ಹೊತ್ತಿಗೆ ಜಂಗಮರಾದ ಅಮರಯ್ಯನವರೂ ಓಣಿಯ ಹಿರಿಯರೂ ಬಂದು ಸೇರಿದ್ದರು. ಗುಜುಗುಜು ಮಾತು ಎದ್ದಿತು. ಊರ ರುದ್ರಭೂಮಿ ಇದೆ, ಅಲ್ಲಿ ಗೋಡೆ ಇದೆ, ನೀರಿದೆ, ಕಲ್ಲು ನಿಲ್ಲಿಸಬಹುದು, ಅಲ್ಲಿಗೇ ಹೋಗೋಣವೆಂದು ಎಲ್ಲರ ಮಾತು.

"ಅತ್ತಿ, ರಸ್ತೇದಾಗ ನಮ್ಮವ್ವನ್ನ ಹ್ಯಾಂಗ ಕುಂದ್ರಸೂದು?" ಉಮೇಶನಿಗೆ ಅಳು ತಡೆಯಲಿಲ್ಲ. "ನಾಳಿ ಲಾರಿ ಹಾಯತಾವು. ಗಟಾರ ಅಂತ ಅಗದ್ರ ಏನ ಮಾಡೂದು?"

ಮಾನವ್ವನಿಗೂ ಅದೇ ಭಯವಿತ್ತು. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು, ಯಾಕೆಂದರೆ ಕೈ ಹಾಕಿದವಳು ಅವಳು.

"ಅಯ್ಯನವರ, ನೀವ ಹೇಳ್ರಿ" ಅಂದಳು.

"ಲಿಂಗದಾಗ ಒಂದಾದವರಿಗೆ ಎಡಾ ಎಲ್ಲೈತಿ ಬಲಾ ಎಲ್ಲೈತಿ ತಂಗಿ? ಎಲ್ಲಿ ಕುಂದ್ರಿಸಿದ್ರೂ ಶಿವನ ತೊಡಿನ."

"ಹಂಗಾದ್ರ ನಾವು ಕುಣಿ ಯಾಕ ತೋಡತೀವ್ರಿ? ಇಬತ್ತಿ ಯಾಕ ಇಡತೀವ್ರಿ?"

"ಅದೂ ಖರೇ" ಅಂದರು ಅಮರಯ್ಯನವರು.

ಮಾನವ್ವ ಕುಣಿಯ ಒಳಗೆ ನೋಡಿದಳು. ರುದ್ರಭೂಮಿಯಲ್ಲಿ ಕೂಡಿಸಿದರೆ ಕಲ್ಲು ನಿಲ್ಲುತ್ತದೆ, ಹೆಸರು ನಿಲ್ಲುತ್ತದೆ, ತನ್ನ ಜೀವಕ್ಕೆ ನಿದ್ದೆ ಬರುತ್ತದೆ. ಆದರೆ ಗಾಳೆವ್ವ ಕಲ್ಲು ಕೇಳಿರಲಿಲ್ಲ, ಹೆಸರೂ ಕೇಳಿರಲಿಲ್ಲ. ಕೂಡಿ ಬದುಕಲು ಸಿಗದ ಮನುಷ್ಯನ ಮಗ್ಗುಲನ್ನು ಕೇಳಿದ್ದಳು. ಆ ಮಗ್ಗುಲು ಇವತ್ತು ತೆರೆದಿದೆ, ನಾಳೆ ಡಾಂಬರು ಬಿದ್ದರೆ ತೆರೆಯುವುದಿಲ್ಲ. ತನ್ನ ಅಂಜಿಕೆಗೆ ಹೆದರಿ ಅವಳನ್ನು ಪರರ ನಡುವೆ ಕೂಡಿಸಲೇ?

"ವೈನಿನ್ನ ಕರಕೊಂಡು ಬರ್ರಿ" ಅಂದಳು. "ಗುಡ್ಡಿ ಬ್ಯಾಡಂದ್ರ ಬ್ಯಾಡ."

ಇಳಿಹೊತ್ತಿಗೆ ಗಾಳೆವ್ವ ಬಂದಳು. ಹೆಗಲ ಮೇಲಿನ ಹೂವಿನ ವಿಮಾನದಲ್ಲಿ ಕುಳಿತು, ಭಜನೆಯ ತಾಳದೊಂದಿಗೆ, ತಾನು ಕಳೆ ತೆಗೆದ ಹೊಲದೊಳಗೆ ಕಮಾನಿನ ಕೆಳಗೆ ಹಾದು ಬಂದಳು. ಮಾಲಾ ಮಾವನ ಜಾಗವೆಂದು ತಿಳಿದು ಆ ತಗ್ಗಿಗೆ ಬಗ್ಗಿ ನಮಸ್ಕಾರ ಮಾಡಿದಳು. ಗೂಡಿನಲ್ಲಿ ಗಾಳೆವ್ವನನ್ನು ಕೂಡಿಸಿದರು. ಅಮರಯ್ಯನವರು ಅಂಗೈಯಲ್ಲಿ ಲಿಂಗವಿಟ್ಟು, ಪತ್ರಿ ಏರಿಸಿ, ಕಿವಿಯಲ್ಲಿ ಹೇಳುವುದನ್ನು ಹೇಳಿದರು. ಉಮೇಶ ಮೊದಲ ಹಿಡಿ ಮಣ್ಣು ಹಾಕಿದ. ಅರ್ಧ ಮಣ್ಣು ಅವನ ಅಂಗಿಯ ಮೇಲೆಯೇ ಬಿತ್ತು.

ಮಣ್ಣು ತುಂಬುತ್ತ ಬಂದಂತೆ ಮಾನವ್ವನ ಭಯ ಏರುತ್ತ ಬಂತು. ಯಾವ ಗೋರಿಯನ್ನೂ ಹೀಗೆ ಮುಚ್ಚಿದ್ದನ್ನು ಅವಳು ಕಂಡಿರಲಿಲ್ಲ. ಗುಡ್ಡೆ ಏರಿಸುವ ಕೈಗಳು ಮಣ್ಣನ್ನು ತುಳಿತುಳಿದು ಇಳಿಸಿದವು. ಮೇಲೆ ಮರಂ ಹರಡಿದರು. ರಾಯಣ್ಣ ಸಲಿಕೆಯ ಬೆನ್ನಿನಿಂದ ಬಡಿದು ಸಮ ಮಾಡಿದ. ಆಮೇಲೆ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ರಸ್ತೆ, ಅಷ್ಟೇ. ಒಬ್ಬ ಹೆಂಗಸಿನ ಇಡೀ ಬಾಳು ಸ್ವಲ್ಪ ಹೆಚ್ಚು ಕೆಂಪಾದ ನೆಲವಾಗಿ ಉಳಿಯಿತು, ಅದೂ ನಾಲ್ಕು ಬಿಸಿಲಿಗೆ ಬೆಳ್ಳಗಾಗುವಂಥದು.

ಆಗ ಕಮಾನಿನ ಕಡೆಯಿಂದ ಸಪ್ಪಳ ಬಂತು. ಇಟ್ಟಿಗೆ ಹೇರಿದ ಒಂದು ಟ್ರ್ಯಾಕ್ಟರು, ಮಬ್ಬಿನಲ್ಲಿ ದೀಪ ಹಚ್ಚಿಕೊಂಡು, ಇದೇ ರಸ್ತೆಗೆ ತಿರುಗಿತು. ಜನರನ್ನು ಕಂಡು ಸ್ವಲ್ಪ ದೂರದಲ್ಲಿ ನಿಂತಿತು, ಇಂಜಿನು ಬಂದ್ ಆಗಲಿಲ್ಲ. ಡ್ರೈವರು ಬಗ್ಗಿ ಕೇಳಿದ.

"ಏನ ಕಾರ್ಯಕ್ರಮ್ರಿ? ಹೋಗ್ಲೇನ? ಲೋಡ ಇಳಿಸಿ ಮತ್ತೊಂದು ಟ್ರಿಪ್ಪ ಮಾಡಬೇಕು."

ಏನೆಂದು ಹೇಳುವುದು? ಹೇಳಬಾರದೆಂಬ ಕರಾರು ಆಗಿತ್ತು. ಮಾನವ್ವ ಮಾತ್ರ ನಡೆದು ಹೋಗಿ ಆ ಕೆಂಪು ನೆಲದ ಮುಂದೆ ನಿಂತಳು. ದೀಪ ಅವಳ ಕಣ್ಣಿಗೆ ಹೊಡೆಯಿತು. ಇವತ್ತು ನಿಲ್ಲುತ್ತೇನೆ, ನಾಳೆ ಯಾರು ನಿಲ್ಲುತ್ತಾರೆ ಎಂದು ಅವಳ ಮನಸ್ಸು ಕೇಳಿತು. ಆದರೂ ಅವಳು ಸರಿಯಲಿಲ್ಲ.

ಗೇಟಿನ ಹತ್ತಿರ ಸರಕ್ಕನೆ ಸಪ್ಪಳವಾಯಿತು. ರಮಾಬಾಯಿ ಹೊರಗೆ ಬಂದಿದ್ದಳು. ಮಧ್ಯಾಹ್ನದಿಂದ ಅವಳು ಬಾಗಿಲು ಹಾಕಿಕೊಂಡು ಒಳಗೇ ಇದ್ದಳು; ಮುಖ ಬಾಡಿತ್ತು.

"ಏ ತಮ್ಮಾ, ಈ ಕಡೆ ಬರಬ್ಯಾಡ" ಎಂದು ಡ್ರೈವರನಿಗೆ ಕೈ ಮಾಡಿದಳು. "ಹಿಂದಿನ ರಸ್ತೀಲೆ ಸುತ್ತ ಹಾಕಿಕೊಂಡು ಬಾ. ಇಟ್ಟಂಗಿ ಹಿತ್ತಲದಾಗ ಇಳಿಸು."

"ಬಾಯಾರ, ಅಲ್ಲಿಂದ ಮುಂದಕ ಹೊರಾಕ ನಿಮಗ ತ್ರಾಸ ಆಗತೈತ್ರಿ."

"ಆಗಲಿ. ಹೇಳಿದಷ್ಟು ಕೇಳು."

ಟ್ರ್ಯಾಕ್ಟರು ಹಿಂದೆ ಸರಿದು ತಿರುಗಿತು. ರಮಾಬಾಯಿ ಮಾನವ್ವನ ಹತ್ತಿರ ಬಂದಳು, ಪೂರ್ತಿ ಹತ್ತಿರವಲ್ಲ, ಸ್ವಲ್ಪ ಅಂತರದಲ್ಲಿ ನಿಂತಳು.

"ನನಗಿನ್ನೂ ಅಂಜಿಕಿ ಹೋಗಿಲ್ಲ ಯವ್ವಾ, ಸುಳ್ಳ ಯಾಕ ಹೇಳಲಿ" ಅಂದಳು. "ಆದರ ಎಲ್ಲಿಂದ ಎಲ್ಲೀತನಕ ಅಂತ ನನಗ ತೋರಸ್ರಿ. ನಾ ಇರೂತನಕ ನಮ್ಮ ಮನಿಯವರು ಅಲ್ಲಿ ಕಾಲು ಇಡೂದಿಲ್ಲ. ಬಂದವರಿಗೂ ಹೇಳತೀನಿ, ನೆಲಾ ಸರಿ ಇಲ್ಲ, ಆಚೆ ಹಾಯ್ದು ಬರ್ರಿ ಅಂತ. ಉಳಿದಿದ್ದು ನನ್ನ ಕೈಯಾಗಿಲ್ಲ."

ಮಾನವ್ವ ತೋರಿಸಿದಳು. "ಇಲ್ಲಿ ನಮ್ಮಣ್ಣ. ಇಲ್ಲಿ ವೈನಿ." ರಮಾಬಾಯಿ ತಲೆಯ ಮೇಲೆ ಸೆರಗು ಹೊದ್ದು ಎರಡೂ ಕಡೆ ಕೈಮುಗಿದು, ಬೇಗ ಬೇಗ ಒಳಗೆ ಹೋದಳು. ಜನ ಒಬ್ಬೊಬ್ಬರಾಗಿ ಕಮಾನಿನ ಕಡೆ ನಡೆದರು. ಮಾಲಾ ಮಾನವ್ವನ ತೋಳು ಹಿಡಿದು, "ಹೋಗೂಣ ಬರ್ರಿ" ಅಂದಳು. ಮಾನವ್ವ, ಒಂದಿಷ್ಟು ತಡಿಯೆಂದು ಕೈಸನ್ನೆ ಮಾಡಿದಳು. ನೆಲಕ್ಕೆ ಅಂಗೈ ಊರಿ ಕಣ್ಣು ಮುಚ್ಚಿದಳು. ಮರಂ ಇನ್ನೂ ಬೆಚ್ಚಗಿತ್ತು.

"ನನ್ನಪ್ಪಾ, ಕಾಲಕಾಲೇಶ್ವರಾ. ನಮ್ಮ ವೈನಿ ಕುಂತಾಳ, ಗಂಡನ ಎಡಮಗ್ಗಲಕ್ಕ ಕುಂತಾಳ. ಕುಂತವರನ್ನ ಯಾರೂ ಎಬ್ಬಿಸದಂಗ ನೋಡಿಕೋ. ನೆತ್ತಿ ಮ್ಯಾಲ ಏನ ಹೋಗಲಿ, ಏನ ಬರಲಿ, ಆ ಸಪ್ಪಳ ಅವರ ಕಿವಿಗೆ ಮುಟ್ಟೂದು ಬ್ಯಾಡ. ಅಂಜಿಕಿ ಎಲ್ಲಾ ನನಗಿರಲಿ, ನಾ ತಡಕೋತೀನಿ. ಅವರಿಬ್ಬರ ಪೂಜಿ ಕೆಡಿಸಬ್ಯಾಡ. ಅವರಿಗೆ ಶಾಂತಿ ಕೊಡು, ತಂದೆ. ಶಾಂತಿ ಕೊಡು."